ಯಂತ್ರ ಬಂದಾಗ ಯಾರ ಕೆಲಸ ಹೋಗುತ್ತೆ, ಯಾರದ್ದು ಹೋಗೋದೇ ಇಲ್ಲ?

ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಫೋಟೊ ಆಗಾಗ ಸುತ್ತು ಹೊಡೀತಾ ಇರುತ್ತೆ. ಲಂಡನ್ನಿನ ಯಾವುದೋ ಬಡ ಓಣಿ. ಹೆಂಗಸೊಬ್ಬಳು ಕತ್ತು ಮೇಲೆತ್ತಿ, ಉದ್ದದ ಕೊಳವೆ ಬಾಯಿಗಿಟ್ಟುಕೊಂಡು ಮಹಡಿ ಮನೆಯ ಕಿಟಕಿಗೆ ಏನೋ ಊದುತ್ತಿದ್ದಾಳೆ. ಊದುತ್ತಿರೋದು ಒಣ ಬಟಾಣಿ. ಬೆಳಗಿನ ಪಾಳಿಗೆ ಹೋಗಬೇಕಾದ ಕಾರ್ಮಿಕರನ್ನು ಎಬ್ಬಿಸೋದು ಅವಳ ಕೆಲಸ. ವಾರಕ್ಕೆ ಇಷ್ಟು ಪೆನ್ನಿ ಅಂತ ಕೂಲಿ. ಕೆಲವರು ಬಟಾಣಿ ಊದುತ್ತಿದ್ದರು, ಕೆಲವರು ಉದ್ದದ ಕೋಲಿನಿಂದ ಗಾಜು ಬಡಿಯುತ್ತಿದ್ದರು. ಫೋಟೊ ಕೆಳಗೆ ಒಂದು ಸಾಲು ಇದ್ದೇ ಇರುತ್ತೆ: ಅಲಾರಂ ಗಡಿಯಾರ ಬಂತು, ಈ ಕೆಲಸ ಮಾಯವಾಯ್ತು.

ಇತ್ತೀಚೆಗೆ ಈ ಫೋಟೊ ನನ್ನ ಎಂಜಿನಿಯರಿಂಗ್ ಕಾಲೇಜಿನ ಗೆಳೆಯರ ಗ್ರೂಪಿಗೂ ಬಂತು. ಕಳಿಸಿದವನು ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ ಇದ್ದಾನೆ. ಅವನ ಕಂಪನಿಯಲ್ಲಿ ಎಐ ಬಂದ ಮೇಲೆ ತಂಡ ಅರ್ಧಕ್ಕೆ ಇಳಿದಿದೆಯಂತೆ. "ಮುಂದೆ ನಮ್ಮ ಫೋಟೊನೂ ಹಿಂಗೇ ಫಾರ್ವರ್ಡ್ ಆಗುತ್ತೆ ಕಣ್ರೋ" ಅಂತ ಬರೆದಿದ್ದ. ಎಲ್ಲರೂ ನಗುವ ಇಮೋಜಿ ಹಾಕಿದರು. ಯಾರಿಗೂ ನಗು ಬಂದಿರಲಿಕ್ಕಿಲ್ಲ.

ನಾನೂ ಎಲೆಕ್ಟ್ರಾನಿಕ್ಸ್ ಓದಿದವನು. ಯಂತ್ರ ಬರುತ್ತೆ, ಹಳೇ ಕೆಲಸ ಹೋಗುತ್ತೆ, ಅದು ಮಳೆ ಬಂದು ಹೋದಷ್ಟೇ ಸಹಜ ಅಂತ ಬಹಳ ವರ್ಷ ನಂಬಿದ್ದೆ. ಪತ್ರಿಕೋದ್ಯಮಕ್ಕೆ ಬಂದ ಮೇಲೆ ಈ ನಂಬಿಕೆ ನಿಧಾನಕ್ಕೆ ಸಡಿಲ ಆಯ್ತು. ಪೇಟೆಗಳ ಹಳೇ ಕಸುಬುಗಳ ಕಥೆಯನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ, ಯಂತ್ರ ಯಾವತ್ತು ಕಂಡುಹಿಡಿದರು ಅನ್ನೋದಕ್ಕೂ ಕೆಲಸ ಯಾವತ್ತು ನಿಂತಿತು ಅನ್ನೋದಕ್ಕೂ ಸಂಬಂಧ ಬಹಳ ಕಡಿಮೆ ಅನ್ನೋದು ಗೊತ್ತಾಗುತ್ತೆ.

ಗಡಿಯಾರ ಇತ್ತು, ಬಟಾಣಿನೂ ಇತ್ತು

ಮೊದಲು ಆ ಫೋಟೊವನ್ನೇ ತಗೊಳ್ಳಿ. ಅದು 1930ರ ಆಸುಪಾಸಿನದು. ಕೀಲಿ ಕೊಡುವ ಅಲಾರಂ ಗಡಿಯಾರಗಳು ಮಾರುಕಟ್ಟೆಗೆ ಬಂದಿದ್ದು 19ನೇ ಶತಮಾನದಲ್ಲೇ. ಅಂದರೆ ಗಡಿಯಾರ ಬಂದು ದಶಕಗಳು ಕಳೆದ ಮೇಲೂ ಈ ಹೆಂಗಸು ಬಟಾಣಿ ಊದುತ್ತಲೇ ಇದ್ದಳು. ಬ್ರಿಟನ್ನಿನ ಕೆಲವು ಕೈಗಾರಿಕಾ ಪಟ್ಟಣಗಳಲ್ಲಿ ಈ ಕಸುಬು ಎರಡನೇ ಮಹಾಯುದ್ಧ ಮುಗಿದ ಮೇಲೂ ಉಳಿದಿತ್ತು.

ಕಾರಣ ಸರಳ. ಗಿರಣಿ ಕೂಲಿಗೆ ಗಡಿಯಾರ ದುಬಾರಿ, ಅವಳು ಅಗ್ಗ. ಗಡಿಯಾರ ಕೈಕೊಟ್ಟರೆ ಒಂದು ದಿನದ ಕೂಲಿ ಹೋಯ್ತು. ಅವಳು ನೀವು ಎದ್ದು ಕಿಟಕಿಗೆ ಬರೋವರೆಗೂ ಬಿಡುತ್ತಿರಲಿಲ್ಲ.

ಇಲ್ಲಿಂದ ಒಂದು ಸಣ್ಣ ಸೂತ್ರ ಸಿಗುತ್ತೆ. ಯಂತ್ರ ಕೆಲಸವನ್ನು ಕಿತ್ತುಕೊಳ್ಳೋದು ಯಂತ್ರ ಹುಟ್ಟಿದಾಗ ಅಲ್ಲ, ಅದು ಮನುಷ್ಯನಿಗಿಂತ ಅಗ್ಗ ಆದಾಗ. ಹಾಗಾದರೆ ಮುಂದಿನ ಪ್ರಶ್ನೆ: ಮನುಷ್ಯನ ಬೆಲೆ ಎಷ್ಟು ಅಂತ ತೀರ್ಮಾನ ಮಾಡೋರು ಯಾರು?

ಚಿಕ್ಕಮ್ಮನ ಬೋರ್ಡು

ಈ ಪ್ರಶ್ನೆಗೆ ನಮ್ಮ ಮನೆಯಲ್ಲೇ ಒಂದು ಉದಾಹರಣೆ ಇದೆ. ನಮ್ಮ ಚಿಕ್ಕಮ್ಮ 1980ರ ದಶಕದ ಶುರುವಿನಲ್ಲಿ ಟೆಲಿಫೋನ್ ಎಕ್ಸ್‌ಚೇಂಜ್‌ನಲ್ಲಿ ಆಪರೇಟರ್ ಆಗಿ ಸೇರಿದವರು. ಈಗಿನವರಿಗೆ ಆ ಕೆಲಸ ಊಹಿಸಿಕೊಳ್ಳೋದೂ ಕಷ್ಟ. ಎದುರಿಗೆ ಆಳೆತ್ತರದ ಬೋರ್ಡು, ಅದರ ತುಂಬಾ ತೂತುಗಳು, ಒಂದೊಂದು ತೂತೂ ಒಂದೊಂದು ಲೈನು. ಕಿವಿಗೆ ಹೆಡ್‌ಸೆಟ್. ಯಾರಾದರೂ ರಿಸೀವರ್ ಎತ್ತಿದರೆ ಬೋರ್ಡಿನಲ್ಲಿ ಸಣ್ಣ ದೀಪ ಹತ್ತುತ್ತೆ. ಇವರು ವೈರು ಚುಚ್ಚಿ "ನಂಬರ್ ಪ್ಲೀಸ್" ಅನ್ನಬೇಕು, ಅವರು ಹೇಳಿದ ನಂಬರಿನ ತೂತಿಗೆ ಇನ್ನೊಂದು ತುದಿ ಚುಚ್ಚಬೇಕು.

ಬೇರೆ ಊರಿಗೆ ಮಾತಾಡಬೇಕು ಅಂದರೆ ಟ್ರಂಕ್ ಕಾಲ್ ಬುಕ್ ಮಾಡಬೇಕಿತ್ತು. ಅದರಲ್ಲೂ ದರ್ಜೆ: ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್. ಆರ್ಡಿನರಿ ಬುಕ್ ಮಾಡಿದವರು ಫೋನ್ ಪಕ್ಕದಲ್ಲೇ ಗಂಟೆಗಟ್ಟಲೆ ಕಾಯ್ತಾ ಕೂರಬೇಕು. ಒಬ್ಬ ನಿರ್ದಿಷ್ಟ ವ್ಯಕ್ತಿ ಲೈನಿಗೆ ಬಂದರೆ ಮಾತ್ರ ಮಾತು ಅನ್ನೋದಾದರೆ ಪಿ.ಪಿ. ಕಾಲ್. ಮೂರು ನಿಮಿಷ ಆದ ಕೂಡಲೇ ಆಪರೇಟರ್ ಮಧ್ಯೆ ಬಂದು "ತ್ರೀ ಮಿನಿಟ್ಸ್" ಅನ್ನುತ್ತಿದ್ದರು. "ಸಾವಿನ ಸುದ್ದಿ ಹೇಳೋ ಕಾಲು ಬಂದ್ರೆ ನಾವು ತ್ರೀ ಮಿನಿಟ್ಸ್ ಅನ್ನೋದನ್ನ ಸ್ವಲ್ಪ ಮರೀತಿದ್ವಿ" ಅಂತ ಚಿಕ್ಕಮ್ಮ ಹೇಳ್ತಾರೆ.

ಈ ಕೆಲಸಕ್ಕೆ ಯಂತ್ರ ಸಿಕ್ಕಿದ್ದು ಯಾವಾಗ? ಚಿಕ್ಕಮ್ಮ ಹುಟ್ಟೋಕೂ ಬಹಳ ಮುಂಚೆ. ಅಮೆರಿಕದ ಆಲ್ಮನ್ ಸ್ಟ್ರೋಜರ್ ತಾನಾಗೇ ಲೈನು ಜೋಡಿಸುವ ಸ್ವಿಚ್ಚಿಗೆ 1891ರಲ್ಲೇ ಪೇಟೆಂಟ್ ಪಡೆದಿದ್ದ. ಅವನು ಶವಸಂಸ್ಕಾರದ ವ್ಯಾಪಾರಿ. ಎಕ್ಸ್‌ಚೇಂಜ್‌ನ ಆಪರೇಟರ್ ತನ್ನ ಗಿರಾಕಿಗಳ ಕಾಲನ್ನು ಎದುರಾಳಿ ಅಂಗಡಿಗೆ ತಿರುಗಿಸುತ್ತಿದ್ದಾಳೆ ಅನ್ನೋ ಸಿಟ್ಟಿನಲ್ಲಿ ಇದನ್ನು ಕಂಡುಹಿಡಿದ ಅನ್ನೋ ಕಥೆ ಪ್ರಸಿದ್ಧ. ಮರುವರ್ಷವೇ ಇಂಡಿಯಾನಾದ ಒಂದು ಪಟ್ಟಣದಲ್ಲಿ ಅವನ ಎಕ್ಸ್‌ಚೇಂಜ್ ಶುರುವಾಯ್ತು.

ಆದರೂ ಅಮೆರಿಕದ ದೈತ್ಯ ಬೆಲ್ ಕಂಪನಿ ಡಯಲ್ ವ್ಯವಸ್ಥೆಯನ್ನು ದೊಡ್ಡ ಮಟ್ಟದಲ್ಲಿ ಕೈಗೆತ್ತಿಕೊಂಡಿದ್ದು 1919ರಲ್ಲಿ. ಇಪ್ಪತ್ತೈದಕ್ಕೂ ಹೆಚ್ಚು ವರ್ಷ ಅದಕ್ಕೆ ಅವಸರ ಇರಲಿಲ್ಲ. ಹರೆಯದ ಹೆಣ್ಣುಮಕ್ಕಳು ಕಡಿಮೆ ಸಂಬಳಕ್ಕೆ ಸಿಗುತ್ತಿದ್ದರು. ಅದೇ 1919ರಲ್ಲಿ ನ್ಯೂ ಇಂಗ್ಲೆಂಡ್ ಭಾಗದ ಆಪರೇಟರುಗಳು ಮುಷ್ಕರ ಹೂಡಿ ಸಂಬಳ ಏರಿಸಿಕೊಂಡರು ಅನ್ನೋದನ್ನೂ ಪಕ್ಕದಲ್ಲಿಟ್ಟು ನೋಡಿ. ಡಯಲ್‌ಗೆ ಅದೊಂದೇ ಕಾರಣ ಅಲ್ಲ, ಫೋನುಗಳ ಸಂಖ್ಯೆಯೂ ವಿಪರೀತ ಏರುತ್ತಿತ್ತು. ಆದರೆ ಕಂಪನಿಗಳು ಕೂಲಿಯ ಲೆಕ್ಕ ಹಾಕದೆ ಯಂತ್ರ ಕೊಂಡಿದ್ದು ಚರಿತ್ರೆಯಲ್ಲಿ ಬಹಳ ಅಪರೂಪ.

ಇಂಡಿಯಾದಲ್ಲಿ ಮೊದಲ ಎಸ್‌ಟಿಡಿ ಲೈನು ಬಂದಿದ್ದು 1960ರಲ್ಲಿ, ಲಖನೌ ಮತ್ತು ಕಾನ್ಪುರದ ಮಧ್ಯೆ. 1984ರಲ್ಲಿ ಸಿ-ಡಾಟ್ ಸ್ಥಾಪನೆ ಆಯ್ತು. ಅಲ್ಲಿನ ಎಂಜಿನಿಯರುಗಳು ನಮ್ಮ ಧೂಳು, ನಮ್ಮ ಬಿಸಿಲು ತಡೆಯೋ, ಏರ್ ಕಂಡೀಷನರ್ ಬೇಡದ ಸಣ್ಣ ಎಕ್ಸ್‌ಚೇಂಜ್ ತಯಾರಿಸಿದರು. ಅಂಥ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ 1986ರಲ್ಲಿ ಕೆಲಸ ಶುರು ಮಾಡಿದ್ದು ನಮ್ಮ ಕಿತ್ತೂರಿನಲ್ಲಿ. ಕಿತ್ತೂರು ಅಂದರೆ ಚೆನ್ನಮ್ಮ ಅಂತ ಮಾತ್ರ ಗೊತ್ತಿದ್ದ ನನಗೆ ಈ ವಿಷಯ ಓದಿದಾಗ ಖುಷಿ ಆಗಿತ್ತು.

ಕೊನೆಗೆ ಚಿಕ್ಕಮ್ಮನ ಬೋರ್ಡೂ ಹೋಯ್ತು. ಚಿಕ್ಕಮ್ಮ ಹೋಗಲಿಲ್ಲ. ಅವರಿಗೆ ತರಬೇತಿ ಕೊಟ್ಟರು. ಸ್ವಲ್ಪ ದಿನ ಡೈರೆಕ್ಟರಿ ವಿಚಾರಣೆ, ಆಮೇಲೆ ಬಿಲ್ಲಿಂಗ್ ವಿಭಾಗ. ನಿವೃತ್ತಿ ಆದರು, ಪಿಂಚಣಿ ಬರ್ತಾ ಇದೆ. ಒಮ್ಮೆ ನಾನು ಕೆದಕಿ ಕೇಳಿದಾಗ ಅವರು ಹೇಳಿದ್ದು ಇಷ್ಟು: "ನಂದು ಕೆಲ್ಸ ಹೋಯ್ತು ಕಣೋ, ನೌಕರಿ ಹೋಗ್ಲಿಲ್ಲ."

ಈ ಎರಡು ಪದಗಳ ವ್ಯತ್ಯಾಸ ನನಗೆ ಯಾವ ಅರ್ಥಶಾಸ್ತ್ರದ ಪುಸ್ತಕವೂ ಇಷ್ಟು ಸಲೀಸಾಗಿ ಹೇಳಿಕೊಟ್ಟಿರಲಿಲ್ಲ. ಕೆಲಸ ಅಂದರೆ ಕೈ ಮಾಡುವ ಕ್ರಿಯೆ. ನೌಕರಿ ಅಂದರೆ ಅದರ ಸುತ್ತ ಇರುವ ಸಂಬಳ, ರಜೆ, ಪಿಂಚಣಿ, ಯೂನಿಯನ್ನು. ಯಂತ್ರ ಕಿತ್ತುಕೊಳ್ಳಬಲ್ಲದ್ದು ಕೆಲಸವನ್ನು ಮಾತ್ರ. ನೌಕರಿ ಉಳಿಯುತ್ತೋ ಇಲ್ಲವೋ ಅನ್ನೋದು ಆಳುವವರು ಮತ್ತು ಮಾಲೀಕರು ಮಾಡುವ ತೀರ್ಮಾನ.

ಹಳದಿ ಬೋರ್ಡಿನ ಗೂಡು

ಚಿಕ್ಕಮ್ಮನಿಗೆ ಸಿಕ್ಕಿದ್ದು ಎಲ್ಲರಿಗೂ ಸಿಗಲಿಲ್ಲ. ಅದೇ ಆಟೊಮ್ಯಾಟಿಕ್ ಎಕ್ಸ್‌ಚೇಂಜ್ ಹೊಸದೊಂದು ಕಸುಬನ್ನು ಹುಟ್ಟಿಸಿತ್ತು. ಬಸ್‌ಸ್ಟ್ಯಾಂಡು, ಆಸ್ಪತ್ರೆ ಎದುರು, ಓಣಿ ತಿರುವಿನಲ್ಲಿ ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು. ಗಾಜಿನ ಗೂಡು, ಕೆಂಪು ಅಂಕಿಯ ಮೀಟರು, ಕರಕರ ಅಂತ ಬಿಲ್ಲು ಹರಿದುಕೊಡುವ ಪ್ರಿಂಟರು. ರಾತ್ರಿ ದರ ಇಳಿಯೋದನ್ನೇ ಕಾದು ನಿಲ್ಲುತ್ತಿದ್ದ ಸಾಲು. ಈ ಬೂತುಗಳನ್ನು ಕೊಡುವಾಗ ಅಂಗವಿಕಲರಿಗೆ ಆದ್ಯತೆ ಇತ್ತು. ಎಷ್ಟೋ ಕುಟುಂಬಗಳು ಆ ಗೂಡಿನಿಂದಲೇ ಮಕ್ಕಳನ್ನು ಓದಿಸಿದವು.

ಮೊಬೈಲ್ ಅಗ್ಗವಾಯ್ತು. ಕೆಲವೇ ವರ್ಷಗಳಲ್ಲಿ ಬೂತುಗಳು ಜೆರಾಕ್ಸ್ ಅಂಗಡಿ ಆದವು, ರೀಚಾರ್ಜ್ ಅಂಗಡಿ ಆದವು, ಇಲ್ಲಾ ಬಾಗಿಲು ಹಾಕಿದವು. ಅವರಿಗೆ ತರಬೇತಿ ಇಲ್ಲ, ಪಿಂಚಣಿ ಇಲ್ಲ. ಅವರು ಸರ್ಕಾರದ ಲೆಕ್ಕದಲ್ಲಿ ನೌಕರರೇ ಅಲ್ಲ, ಸ್ವಂತ ವ್ಯಾಪಾರಿಗಳು. ಈ ಮಾತು ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಇವತ್ತು ಬೈಕಿನಲ್ಲಿ ನಿಮ್ಮ ಊಟ ತರುವ ಹುಡುಗನನ್ನು ಕಂಪನಿಗಳು ಕರೆಯೋದು 'ಪಾರ್ಟ್‌ನರ್' ಅಂತ.

ಮನೆ ಹಿಂದಿನ ಓಣಿ

ಈಗ ಮೂರನೆಯ ಕಸುಬಿಗೆ ಬರ್ತೀನಿ. ಇದು 'ಮರೆಯಾದ ವೃತ್ತಿಗಳು' ಪಟ್ಟಿಯಲ್ಲಿ ಎಂದೂ ಕಾಣೋದಿಲ್ಲ.

ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿ 1898ರ ಪ್ಲೇಗಿನ ಆಸುಪಾಸಿನಲ್ಲಿ ಬೆಳೆದ ಬಡಾವಣೆಗಳು. ಇಲ್ಲಿ ಓಡಾಡಿದ್ದರೆ ಎರಡು ಸಾಲು ಮನೆಗಳ ಹಿತ್ತಲ ಮಧ್ಯೆ ಹಾದು ಹೋಗುವ ಕಿರಿದಾದ ಓಣಿಗಳನ್ನು ನೀವು ನೋಡಿರ್ತೀರಿ. ದಾಖಲೆಗಳಲ್ಲಿ ಅವುಗಳ ಹೆಸರು ಕನ್ಸರ್ವೆನ್ಸಿ ಲೇನ್. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಂಥ ಒಂದು ಓಣಿಗೆ ಕಿಟಕಿ ತೆರೆಯುವ ಬಾಡಿಗೆ ರೂಮಿನಲ್ಲಿ ನಾನು ಎರಡು ವರ್ಷ ಇದ್ದೆ. ಅಷ್ಟು ಇಕ್ಕಟ್ಟಿನ ದಾರಿ ಯಾಕೆ ಬಿಟ್ಟಿದ್ದಾರೆ ಅಂತ ಗೊತ್ತಿರಲಿಲ್ಲ. ಮನೆ ಮಾಲೀಕರಾಗಿದ್ದ ವಯಸ್ಸಾದವರು ಒಂದು ದಿನ ಹಿಂದಿನ ಗೋಡೆಯಲ್ಲಿ ಇಟ್ಟಿಗೆ ಹಾಕಿ ಮುಚ್ಚಿದ್ದ ಚೌಕದ ಗುರುತು ತೋರಿಸಿದರು. ಕಕ್ಕಸಿನ ಹಿಂಬಾಗಿಲು ಅದು.

ಒಳಗೆ ಡಬ್ಬ. ನೀರು ಹರಿಯುವ ವ್ಯವಸ್ಥೆ ಇಲ್ಲ. ಬೆಳಗಾಗುವ ಮುಂಚೆ ಒಬ್ಬರು ಆ ಓಣಿಯಲ್ಲಿ ಬಂದು, ಹೊರಗಿನಿಂದಲೇ ಆ ಸಣ್ಣ ಬಾಗಿಲು ಎತ್ತಿ, ಮಲವನ್ನು ಕೈಯಿಂದ ತಮ್ಮ ಬುಟ್ಟಿಗೆ ತುಂಬಿಕೊಂಡು, ತಲೆ ಮೇಲೆ ಹೊತ್ತು ಗಾಡಿಗೆ ಸುರಿಯಬೇಕು. ಮಳೆಗಾಲದಲ್ಲಿ ಬುಟ್ಟಿಯಿಂದ ಮೈಮೇಲೆ ಇಳಿಯುತ್ತಿತ್ತು. ಅವರು ಮನೆಯ ಮುಂಬಾಗಿಲಿಗೆ ಬರುವ ಹಾಗಿಲ್ಲ, ಯಾರ ಕಣ್ಣಿಗೂ ಬೀಳುವ ಹಾಗಿಲ್ಲ. ಅದಕ್ಕೇ ಬೇರೆ ದಾರಿ. ಊರಿನ ನಕ್ಷೆಯೊಳಗೇ ಅಸ್ಪೃಶ್ಯತೆಯನ್ನು ಅಳತೆ ಹಾಕಿ ಬರೆದಿದ್ದರು.

ಹಳೇ ಲಂಡನ್ನಿನಲ್ಲೂ ರಾತ್ರಿ ಹೊತ್ತು ಮಲದ ಗುಂಡಿ ಬಳಿಯುವ ಕೆಲಸಗಾರರಿದ್ದರು. ಗಲೀಜು ಕೆಲಸ, ಅಪಾಯದ ಕೆಲಸ, ಆದ್ದರಿಂದ ಕೂಲಿಯೂ ಒಳ್ಳೆಯದೇ ಇತ್ತು. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ನಾತ ಸಂಸತ್ತಿನ ಮೂಗಿಗೇ ಬಡಿದಾಗ ಸರ್ಕಾರ ಹಣ ಬಿಚ್ಚಿತು. ಜೋಸೆಫ್ ಬಾಜಲ್ಜೆಟ್ ಅನ್ನೋ ಎಂಜಿನಿಯರ್ ನಗರದ ಅಡಿಯಲ್ಲಿ ದೊಡ್ಡ ಒಳಚರಂಡಿ ಜಾಲ ಕಟ್ಟಿದ. ಕಸುಬು ಮುಗಿಯಿತು.

ನಮ್ಮಲ್ಲಿ? ಫ್ಲಶ್ ಇರುವ ಕಕ್ಕಸಿಗೆ ಬ್ರಿಟನ್ನಿನಲ್ಲಿ ಪೇಟೆಂಟ್ ಸಿಕ್ಕಿದ್ದು 1775ರಲ್ಲಿ. ಶಿವನಸಮುದ್ರದಲ್ಲಿ ವಿದ್ಯುತ್ ತಯಾರಿಸಿ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕಳಿಸಿದ ರಾಜ್ಯ ನಮ್ಮದು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪ ಹತ್ತಿತು. ಸಂಜೆ ಏಣಿ ಹೊತ್ತು ಬಂದು, ಚಿಮಣಿ ಒರೆಸಿ, ಸೀಮೆಎಣ್ಣೆ ಹಾಕಿ ಬೀದಿದೀಪ ಹಚ್ಚುತ್ತಿದ್ದವರ ಕಸುಬು ಅಲ್ಲಿಂದ ಕರಗುತ್ತಾ ಹೋಯ್ತು. ಆದರೆ ಅದೇ ಬೀದಿಯ ಹಿಂದಿನ ಓಣಿಯಲ್ಲಿ ಬುಟ್ಟಿ ಹೊರುವುದು ಮತ್ತೂ ದಶಕಗಟ್ಟಲೆ ನಡೆಯಿತು. ದೀಪಕ್ಕೆ ಬಂದ ತಂತ್ರಜ್ಞಾನ ಹಿತ್ತಲಿಗೆ ಯಾಕೆ ಬರಲಿಲ್ಲ?

ಉತ್ತರ ನಮಗೆಲ್ಲ ಗೊತ್ತು, ಹೇಳಲು ಮುಜುಗರ. ಲಂಡನ್ನಿನ ಆ ಕೆಲಸಗಾರ ಬೇಡ ಅನ್ನಿಸಿದರೆ ಬಿಟ್ಟು ಬೇರೆ ಕೆಲಸ ಹುಡುಕಬಹುದಿತ್ತು, ಅದಕ್ಕೇ ಹೆಚ್ಚು ಕೂಲಿ ಕೊಡಬೇಕಾಗಿತ್ತು. ಇಲ್ಲಿ ಈ ಕೆಲಸಕ್ಕೆ ಆಳುಗಳನ್ನು ಜಾತಿ ಒದಗಿಸುತ್ತಿತ್ತು, ಹುಟ್ಟಿನಿಂದಲೇ, ಹೆಚ್ಚುಕಮ್ಮಿ ಪುಕ್ಕಟೆಯಾಗಿ. ಪುಕ್ಕಟೆ ಸಿಗುವ ಮನುಷ್ಯನ ಎದುರು ಯಾವ ಯಂತ್ರವೂ ಅಗ್ಗ ಅಲ್ಲ.

ಕಾಗದದ ಮೇಲೆ ಸತ್ತ ಕಸುಬು

ಹಾಗಾಗಿ ಈ ಕಸುಬನ್ನು ನಿಲ್ಲಿಸಲು ರಾಜಕಾರಣವೇ ಬೇಕಾಯ್ತು. 1970ರ ದಶಕದ ಆರಂಭದಲ್ಲಿ ದೇವರಾಜ ಅರಸು ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪ ತಲೆ ಮೇಲೆ ಮಲ ಹೊರುವುದನ್ನು ಕರ್ನಾಟಕದಲ್ಲಿ ನಿಷೇಧಿಸಿದರು. 'ಬೂಸಾ' ಗಲಾಟೆಯಿಂದ ಮಾತ್ರ ಅವರ ಹೆಸರು ಗೊತ್ತಿರುವವರು ಇದನ್ನೂ ನೆನಪಿಟ್ಟುಕೊಳ್ಳಬೇಕು. ದೇಶಕ್ಕೆ ಅನ್ವಯಿಸುವ ಮೊದಲ ಕಾನೂನು ಬಂದಿದ್ದು 1993ರಲ್ಲಿ. ಅದು ಸಾಲದೆ 2013ರಲ್ಲಿ ಇನ್ನೊಂದು ಕಾನೂನು. ಅದೇ 2013ರ ಜುಲೈನಲ್ಲಿ ಇಂಡಿಯಾ ಟೆಲಿಗ್ರಾಂ ಸೇವೆ ನಿಲ್ಲಿಸಿತು. ಕೊನೆಯ ತಂತಿ ಕಳಿಸೋಕೆ ಜನ ಸಾಲು ನಿಂತರು, ಟೀವಿಗಳು ಭಾವುಕವಾದವು.

ಟೆಲಿಗ್ರಾಂ ನಿಜವಾಗಿ ನಿಂತಿತು. ಮಲ ಬಳಿಯುವುದು ಹೆಸರು ಬದಲಾಯಿಸಿಕೊಂಡಿತು. 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ತಮ್ಮನ್ನು ಒಕ್ಕಲೆಬ್ಬಿಸುವುದರ ವಿರುದ್ಧ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದ್ದರು. ಮೊದಲ ಕಾನೂನು ಬಂದು 17 ವರ್ಷ ಆಗಿತ್ತು.

ಹೆಸರು ಹೇಗೆ ಬದಲಾಯ್ತು ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 2013ರ ಕಾನೂನು ಎರಡು ಬಗೆಯ ಕೆಲಸಗಳನ್ನು ಬೇರೆ ಮಾಡುತ್ತೆ. ಒಂದು, ಕೈಯಿಂದ ಮಲ ಬಳಿಯುವುದು. ಇನ್ನೊಂದು, ರಕ್ಷಣಾ ಸಾಧನ ಇಲ್ಲದೆ ಒಳಚರಂಡಿ ಅಥವಾ ಸೆಪ್ಟಿಕ್ ಟ್ಯಾಂಕಿಗೆ ಇಳಿಸುವ 'ಅಪಾಯಕಾರಿ ಸ್ವಚ್ಛತೆ'. ಎರಡೂ ನಿಷೇಧ. ಆದರೆ ಸಂಸತ್ತಿನಲ್ಲಿ ಪ್ರಶ್ನೆ ಬಂದಾಗೆಲ್ಲ ಕೇಂದ್ರ ಸರ್ಕಾರದ ಉತ್ತರ ಹೀಗಿರುತ್ತೆ: ಕೈಯಿಂದ ಮಲ ಬಳಿಯುವುದರಿಂದ ಯಾವ ಸಾವೂ ವರದಿಯಾಗಿಲ್ಲ, ಸಾವುಗಳು ಆಗಿರೋದು ಅಪಾಯಕಾರಿ ಸ್ವಚ್ಛತೆಯಿಂದ. ಮ್ಯಾನ್‌ಹೋಲಿನಲ್ಲಿ ವಿಷಗಾಳಿ ಕುಡಿದು ಸತ್ತವರು ಸರ್ಕಾರಿ ಲೆಕ್ಕದಲ್ಲೇ 1993ರಿಂದ ಈಚೆಗೆ ಸಾವಿರ ದಾಟುತ್ತಾರೆ. ಅವರು ಸತ್ತ ಕಾಲಂ ಮಾತ್ರ ಬೇರೆ.

ಇನ್ನೊಂದು ಅಂಕಿ ನೋಡಿ. ಗುರುತಿಸಲಾದ 58,098 ಮಲ ಬಳಿಯುವವರಲ್ಲಿ ಜಾತಿಯ ಮಾಹಿತಿ ಇದ್ದದ್ದು 43,797 ಜನರದ್ದು, ಅವರಲ್ಲಿ 42,594 ಮಂದಿ ಪರಿಶಿಷ್ಟ ಜಾತಿಯವರು ಅಂತ 2021ರಲ್ಲಿ ಸರ್ಕಾರವೇ ರಾಜ್ಯಸಭೆಗೆ ತಿಳಿಸಿತು. ನೂರಕ್ಕೆ 97. ಇದನ್ನು ವೃತ್ತಿ ಅಂತ ಕರೆಯೋಕಾಗುತ್ತಾ?

ಯಂತ್ರ ಇಲ್ಲ ಅನ್ನುವ ಹಾಗಿಲ್ಲ. ಹೀರುವ, ನೀರು ಚಿಮ್ಮಿಸುವ ಲಾರಿಗಳಿವೆ. ಕೇರಳದ ಯುವ ಎಂಜಿನಿಯರುಗಳು ತಯಾರಿಸಿದ ಬ್ಯಾಂಡಿಕೂಟ್ ಅನ್ನೋ ರೋಬೊ 2018ರಲ್ಲೇ ತಿರುವನಂತಪುರದ ಮ್ಯಾನ್‌ಹೋಲಿಗೆ ಇಳಿಯಿತು. ಸತ್ತವರ ಕುಟುಂಬಕ್ಕೆ 10 ಲಕ್ಷ ಪರಿಹಾರ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. 2025ರ ಜನವರಿಯಲ್ಲಿ ಬೆಂಗಳೂರು ಸೇರಿ ಆರು ಮಹಾನಗರಗಳಲ್ಲಿ ಮನುಷ್ಯರನ್ನು ಒಳಚರಂಡಿಗೆ ಇಳಿಸುವುದನ್ನು ನಿಲ್ಲಿಸಿ ಅಂತ ಮತ್ತೆ ಆದೇಶಿಸಿತು. 1993ರಲ್ಲಿ ಶುರುವಾದ ನಿಷೇಧವನ್ನು 2025ರಲ್ಲೂ ಹೊಸದಾಗಿ ಹೇಳಬೇಕಾಗಿ ಬಂತು ಅಂದರೆ ಅರ್ಥ ಮಾಡಿಕೊಳ್ಳಿ.

ಎಂಜಿನಿಯರ್ ಆಗಿ ನನಗೆ ಪರಿಹಾರದ ಮೊತ್ತ ಏರಿದ್ದರಲ್ಲಿ ಒಂದು ಲೆಕ್ಕ ಕಾಣುತ್ತೆ. ಒಂದು ಸಾವಿಗೆ ನಿಜವಾಗಿಯೂ 30 ಲಕ್ಷ ತೆರಬೇಕಾದರೆ, ಗುತ್ತಿಗೆದಾರ ನಿಜವಾಗಿಯೂ ಜೈಲಿಗೆ ಹೋಗುವ ಹಾಗಿದ್ದರೆ, ಯಂತ್ರ ತಾನಾಗೇ ಅಗ್ಗ ಆಗುತ್ತೆ. ಮನುಷ್ಯನನ್ನು ದುಬಾರಿ ಮಾಡಬೇಕು. ಕಾನೂನು, ಯೂನಿಯನ್ನು, ಕೋರ್ಟು ಮಾಡಬಹುದಾದ ಕೆಲಸ ಅದು.

ಹಾಗಾದರೆ ಏನು ಕೇಳಬೇಕು?

ಮೂರು ಕಸುಬು, ಮೂರು ಅಂತ್ಯ. ಚಿಕ್ಕಮ್ಮನ ಕೆಲಸ ಹೋಯ್ತು, ನೌಕರಿ ಉಳೀತು. ಬೂತಿನವರ ಕೆಲಸವೂ ಹೋಯ್ತು, ಹಿಡಿದುಕೊಳ್ಳೋಕೆ ನೌಕರಿ ಇರಲೇ ಇಲ್ಲ. ಮ್ಯಾನ್‌ಹೋಲಿಗೆ ಇಳಿಯುವವರ ಕೆಲಸ ಹೋಗಬೇಕಿತ್ತು, ಹೋಗಲಿಲ್ಲ. ಮೂರು ಕಡೆಯೂ ಯಂತ್ರ ಇತ್ತು.

ಬೆಂಗಳೂರಿನ ಪೌರಕಾರ್ಮಿಕರಿಗೆ ಇದು ಯಾವ ವಿಶ್ಲೇಷಕರಿಗಿಂತಲೂ ಮೊದಲೇ ಅರ್ಥವಾಗಿತ್ತು. ದಶಕಗಳ ಕಾಲ ಗುತ್ತಿಗೆಯಲ್ಲಿ ದುಡಿದ ಅವರು ಕೇಳಿದ್ದು ಹೊಳೆಯುವ ಪೊರಕೆಯನ್ನಲ್ಲ, ಸನ್ಮಾನದ ಶಾಲನ್ನೂ ಅಲ್ಲ. ಕಾಯಂ ಮಾಡಿ ಅಂದರು. 2022ರ ಜುಲೈನಲ್ಲಿ ಮುಷ್ಕರ ಹೂಡಿದರು. 2025ರ ಮೇ 1ರಂದು ನಗರದ 12,000ಕ್ಕೂ ಹೆಚ್ಚು ಪೌರಕಾರ್ಮಿಕರಿಗೆ ಕಾಯಂ ನೇಮಕದ ಪತ್ರ ಸಿಕ್ಕಿತು. ನಾಳೆ ಕಸ ಗುಡಿಸುವ ಯಂತ್ರಗಳು ಎಲ್ಲ ರಸ್ತೆಗೂ ಬಂದರೆ, ಚಿಕ್ಕಮ್ಮನ ಹಾಗೆ ಇವರನ್ನೂ ಬೇರೆ ಕೆಲಸಕ್ಕೆ ಹಾಕಬೇಕಾಗುತ್ತೆ, ಹೊರಗೆ ಹಾಕೋಕಾಗಲ್ಲ. ಗಿಗ್ ಕಾರ್ಮಿಕರಿಗಾಗಿ ಕರ್ನಾಟಕ 2025ರಲ್ಲಿ ಮಾಡಿದ ಕಾನೂನು ಅವರನ್ನು ನೌಕರರು ಅಂತ ಒಪ್ಪೋದಿಲ್ಲ, ಕಲ್ಯಾಣ ನಿಧಿಯೊಂದನ್ನು ಕೊಡುತ್ತೆ. ಮೊದಲ ಮೆಟ್ಟಿಲು ಅಂತ ಒಪ್ಪೋಣ, ಮನೆ ಅಂತ ಅಲ್ಲ.

ಗ್ರೂಪಿನ ಗೆಳೆಯನಿಗೆ ನಾನು ಆವತ್ತು ಉತ್ತರ ಬರೆಯಲಿಲ್ಲ. ಈಗ ಬರೀತೀನಿ. ಎಐ ನಿನ್ನ ಕೆಲಸ ತಗೊಳ್ಳುತ್ತಾ ಅನ್ನೋ ಚರ್ಚೆಯಲ್ಲಿ ನಾವು ಎಂಜಿನಿಯರುಗಳು ಸಾಕಷ್ಟು ಸಮಯ ಕಳೆದಿದ್ದೇವೆ. ನಿನ್ನ ನೌಕರಿಯ ಪತ್ರದಲ್ಲಿ ಏನಿದೆ, ನಿನ್ನ ಜೊತೆ ನಿಲ್ಲುವ ಯೂನಿಯನ್ ಇದೆಯಾ ಅಂತ ಮಾತಾಡಿದ್ದು ಕಡಿಮೆ. ಐಟಿಯವರಿಗೆ ಯೂನಿಯನ್ ಯಾಕೆ ಅಂತ ಹತ್ತು ವರ್ಷದ ಹಿಂದೆ ನಾನೇ ನಕ್ಕಿದ್ದೆ.

ನಾನಿದ್ದ ಆ ರೂಮಿನ ಹಿಂದಿನ ಓಣಿಗೆ ಈಚೆಗೆ ಒಮ್ಮೆ ಹೋಗಿದ್ದೆ. ಬೈಕುಗಳು ನಿಂತಿದ್ದವು, ಎಸಿಯ ನೀರು ತೊಟ್ಟಿಕ್ಕುತ್ತಿತ್ತು. ಗೋಡೆಗೆ ಹೊಸ ಬಣ್ಣ ಬಳಿದಿದ್ದಾರೆ, ಆ ಚೌಕದ ಗುರುತು ಈಗ ಕಾಣೋದಿಲ್ಲ. ಓಣಿಯ ಮಧ್ಯದಲ್ಲಿ ಮ್ಯಾನ್‌ಹೋಲಿನ ಮುಚ್ಚಳ ಪಕ್ಕಕ್ಕೆ ಸರಿಸಿತ್ತು. ಹತ್ತಿರದಲ್ಲಿ ಹಗ್ಗದ ಸುರುಳಿ, ಒಂದು ಜೊತೆ ಹವಾಯಿ ಚಪ್ಪಲಿ. ಯಂತ್ರ ಎಲ್ಲೂ ಕಾಣಲಿಲ್ಲ.